ತಿನ್ನುವ ಬೀಜಕ್ಕಾಗಿ ಹಿತ್ತಲಿನಲ್ಲಿ ಸೂರ್ಯಕಾಂತಿಯ ಬೇಸಾಯ

ಸೂರ್ಯಕಾಂತಿಯನ್ನು ನಮ್ಮ ಜನರು ಬಹುಕಾಲ ಅಂದಕ್ಕಾಗಿ ಬೆಳೆಯುವ ಹೂವೆಂದೇ ಎಣಿಸಿದ್ದರು. ಉತ್ತರ ಅಮೆರಿಕದ ಮೂಲ ನಿವಾಸಿಗಳಾದರೋ ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಆಹಾರಕ್ಕಾಗಿ ಬೆಳೆಯುತ್ತಿದ್ದರು. 16ನೆಯ ಶತಮಾನದಲ್ಲಿ ಇದು ಯೂರೋಪಿಗೆ ಬಂದಿತು. ಮುಂದೆ ರಷ್ಯಾ ದೇಶದವರು ಇದರ ಬೀಜವನ್ನು ಹುರಿದು ತಿನ್ನುವುದನ್ನೂ ಎಣ್ಣೆ ತೆಗೆಯುವುದನ್ನೂ ವಿಶೇಷವಾಗಿ ರೂಢಿಗೆ ತಂದರು. 1969ರಲ್ಲಿ ಅಲ್ಲಿಂದ ತರಿಸಿದ ತಳಿಗಳಿಂದ ನಮ್ಮ ದೇಶದಲ್ಲಿ ಎಣ್ಣೆಗಾಗಿ ಇದರ ಬೇಸಾಯವು ಮೊದಲಾಯಿತು. ಹೊಲದಲ್ಲಿ ಬೆಳೆಯುವ ಈ ಪೈರನ್ನು ಮನೆಯ ಖರ್ಚಿಗಾಗಿ ಹಿತ್ತಲಿನಲ್ಲಿಯೂ ಬೆಳೆದುಕೊಳ್ಳಬಹುದು.

ತಳಿ: ಚಿಕ್ಕ ಕಪ್ಪು ಬೀಜದವು ಎಣ್ಣೆಗೂ, ದಪ್ಪನಾದ ಪಟ್ಟೆಯುಳ್ಳ ಬೀಜದವು ತಿನ್ನುವುದಕ್ಕೂ ತಕ್ಕವು. ಬಿತ್ತನೆಗೆಂದು ಮಾರುವ ಬೀಜಕ್ಕೆ ಸಾಮಾನ್ಯವಾಗಿ ಔಷಧವನ್ನು ಲೇಪಿಸಿರುತ್ತಾರೆ. ಅದರಲ್ಲಿ ಒಂದು ಕಾಳನ್ನೂ ಮನುಷ್ಯರಾಗಲಿ ದನಕೋಳಿಗಳಾಗಲಿ ತಿನ್ನಕೂಡದು. ಮಕ್ಕಳ ಕೈಗೆ ಸಿಕ್ಕದಂತೆ ಇಡತಕ್ಕದ್ದು. ಸಂಕರ ತಳಿಯ ಫಸಲಿನಿಂದ ಮುಂದಿನ ಬಿತ್ತನೆಗೆ ಬೀಜವನ್ನು ಎತ್ತಿಡುವುದರಿಂದ ಪ್ರಯೋಜನವಿಲ್ಲ.

ಭೂಮಿ ಮತ್ತು ಕಾಲ: ನೀರು ನಿಲ್ಲದ ಕೆಂಪು ಅಥವಾ ಕಪ್ಪು ಭೂಮಿಯೂ, ಹಗಲೆಲ್ಲಾ ಬಿಸಿಲು ಬೀಳುವ ಸ್ಥಳವೂ ಬೇಕು. ಹೂವರಳುವ ಸಮಯಕ್ಕೆ ಜಡಿಮಳೆ ಹಿಡಿಯದಂತೆ ಕಾಲವನ್ನು ನೋಡಿ ಬಿತ್ತಬೇಕು. ಮಳೆಯ ಆಶ್ರಯದಲ್ಲಾದರೆ ಜೂನ್, ಜುಲೈ ಅಥವಾ ಸೆಪ್ಟೆಂಬರ್ ತಿಂಗಳುಗಳೂ, ಬಾವಿಯ ನೀರಿದ್ದರೆ ಜನವರಿ ತಿಂಗಳೂ ಅನುಕೂಲವಾದವು. ವರ್ಷ ವರ್ಷವೂ ಒಂದೇ ಸ್ಥಳದಲ್ಲಿ ಬೆಳೆದರೆ ರೋಗವು ನೆಲೆಯೂರುವುದರಿಂದ ಮಧ್ಯೆ ರಾಗಿ, ಜೋಳ ಮುಂತಾದವುಗಳನ್ನು ಬೆಳೆಯತಕ್ಕದ್ದು.

ಬಿತ್ತನೆ: ಎರಡು ಮೂರು ವಾರ ಮುಂಚಿತವಾಗಿ ಚೆನ್ನಾಗಿ ಕಳಿತ ಕೊಟ್ಟಿಗೆಯ ಗೊಬ್ಬರವನ್ನು ಗುಂಟೆಗೆ ಸುಮಾರು 80 ಕಿಲೋಗ್ರಾಂ ಹಾಕಿ ಅಗೆಯಬೇಕು. ಸಾಲಿನಿಂದ ಸಾಲಿಗೆ 2 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಟ್ಟು, ಗುಣಿಗೆ ಎರಡೆರಡು ಬೀಜಗಳನ್ನು ಒಂದೂವರೆ ಅಂಗುಲ ಆಳದಲ್ಲಿ ಊರಬೇಕು. ಹದಿನೈದು ದಿನಗಳ ಒಳಗಾಗಿ ಗುಣಿಗೊಂದೇ ಪುಷ್ಟವಾದ ಸಸಿಯನ್ನುಳಿಸಿ ಮಿಕ್ಕದ್ದನ್ನು ತೆಗೆಯತಕ್ಕದ್ದು. ಈ ಲೆಕ್ಕದಲ್ಲಿ 33 ಅಡಿ ಚೌಕದ ಒಂದು ಗುಂಟೆಗೆ ಸುಮಾರು 360 ಗಿಡಗಳು ಹಿಡಿಯುತ್ತವೆ. ಒತ್ತಾಗಿ ಬೆಳೆಸಿದರೆ ತೆನೆಯೂ ಕಾಳೂ ಸಣ್ಣವಾಗುತ್ತವೆ. ಗಿಡವು ಮೊಣಕಾಲೆತ್ತರವಾದಾಗ ಕಳೆ ತೆಗೆದು ಬುಡಕ್ಕೆ ಮಣ್ಣನ್ನೇರಿಸಿದರೆ ತೆನೆಯ ಭಾರಕ್ಕೆ ಅದು ಒರಗುವುದಿಲ್ಲ.

ಜೊಳ್ಳಾಗುವುದಕ್ಕೆ ಕಾರಣ: ತೆನೆಯು ಮೊರದಷ್ಟು ಅಗಲವಾಗಿದ್ದರೂ ಒಡೆದು ನೋಡಿದರೆ ಬೀಜಗಳು ಬರಿದಾಗಿರುವುದುಂಟು. ರೈತನ ಶ್ರಮವೆಲ್ಲವೂ ವ್ಯರ್ಥವಾಗುವುದು ಇಲ್ಲಿಯೇ. ನಾವು ಒಂದು ಹೂವೆಂದು ಕರೆಯುವುದು ನೂರಾರು ಕಿರುಹೂಗಳ ಗುಂಪು. ಅವು ಅಂಚಿನಿಂದ ನಡುವಿನ ಕಡೆಗೆ ದಿನಕ್ಕಷ್ಟರಂತೆ ಅರಳುತ್ತವೆ. ಬೇರೆ ಗಿಡದ ಪರಾಗವು ಬಂದು ಸೇರಿದರೇ ಕಾಳು ಚೆನ್ನಾಗಿ ಕಟ್ಟುವುದು. ಈ ಕೆಲಸವನ್ನು ಜೇನುಹುಳುಗಳು ಮಾಡುತ್ತವೆ. ಆದುದರಿಂದ ಒಂದೆರಡು ಗಿಡಗಳನ್ನು ಒಂಟಿಯಾಗಿ ಬೆಳೆಯದೆ ಗುಂಪಾಗಿ ಬೆಳೆಯಬೇಕು; ಹೂವಿರುವಾಗ ಕೀಟನಾಶಕವನ್ನು ಸಿಂಪಡಿಸಲೇಕೂಡದು. ಜೇನು ವಿರಳವಾಗಿದ್ದರೆ ಬೆಳಿಗ್ಗೆ 8ರಿಂದ 11 ಗಂಟೆಯೊಳಗೆ, ದಿನಬಿಟ್ಟು ದಿನ, ಎರಡು ವಾರಗಳ ಕಾಲ ಮೆತ್ತನೆಯ ಬಟ್ಟೆಯನ್ನು ಕೈಗೆ ಸುತ್ತಿಕೊಂಡು ಒಂದು ಹೂವಿನ ಮೇಲೆ ಮೃದುವಾಗಿ ಸವರಿ ಅದೇ ಬಟ್ಟೆಯಿಂದ ಮತ್ತೊಂದನ್ನು ಸವರಬೇಕು. ಮೊಗ್ಗು ಮೂಡುವಾಗಲೂ, ಹೂವರಳುವಾಗಲೂ, ಕಾಳು ಬಲಿಯುವಾಗಲೂ ನೀರು ಕಡಮೆಯಾದರೆ ನಡುವಿನ ಕಾಳು ಜೊಳ್ಳಾಗುವುದು.

ರೋಗ: 1997ರಲ್ಲಿ ಬಾಗೇಪಲ್ಲಿಯ ಕಡೆಯಲ್ಲಿ ಈ ಪೈರಿಗೆ ಎಲೆಯೂ ಕಾಂಡವೂ ಕರಿದು, ಮೊಗ್ಗು ತಿರುಚಿಕೊಳ್ಳುವ ಒಂದು ನಂಜುರೋಗವು ಕಾಣಿಸಿತು. ಪಾರ್ಥೇನಿಯಂ ಕಳೆಯು ಈ ನಂಜಿಗೆ ಆಶ್ರಯವಾಗಿದ್ದು, ಅದರ ಪರಾಗವನ್ನು ಥ್ರಿಪ್ಸ್ ಎಂಬ ನುಸಿಗಳು ಹೊತ್ತುತಂದಾಗ ರೋಗವು ಹರಡುತ್ತದೆ. ಗಿಡಕ್ಕೆ ಹತ್ತಿದ ಮೇಲೆ ಇದಕ್ಕೆ ಮದ್ದಿಲ್ಲ. ಒಬ್ಬನು ತನ್ನ ಹಿತ್ತಲನ್ನು ಮಾತ್ರ ಶುದ್ಧಿಮಾಡಿದರೆ ಸಾಲದು. ಊರಿನ ಮುಖಂಡರು ಮುಂದಾಗಿ ದಾರಿಬದಿ, ಬೇಲಿಸಾಲುಗಳಲ್ಲಿನ ಆ ಕಳೆಯನ್ನು ಹೂವಾಗುವ ಮುನ್ನವೇ ಎಲ್ಲರಿಂದಲೂ ಕೀಳಿಸುವುದು ಯುಕ್ತ.

ಗಿಳಿಗಳ ಕಾಟ: ಊರಿಗೆಲ್ಲಾ ಒಂದೇ ಹಿತ್ತಲಿನಲ್ಲಿ ಸೂರ್ಯಕಾಂತಿಯಿದ್ದರೆ ಸುತ್ತಲಿನ ಗಿಳಿಗಳೆಲ್ಲವೂ ಅಲ್ಲಿಗೇ ಬಂದೆರಗುತ್ತವೆ. ನೆರೆಹೊರೆಯವರು ಮಾತನಾಡಿಕೊಂಡು ಒಂದೇ ವಾರದಲ್ಲಿ ಬಿತ್ತಿದರೆ ನಷ್ಟವು ಹಂಚಿಹೋಗಿ ಯಾರಿಗೂ ಭಾರವಾಗದು; ಕಾವಲೂ ಸುಲಭವಾಗುವುದು. ಅಂಚಿನ ಹಳದಿ ಎಸಳುಗಳು ಬಾಡಿದ ಮೇಲೆ ತೆನೆಗಳಿಗೆ ತೆಳುವಾದ ಹಳೆಯ ಬಟ್ಟೆಯ ಚೀಲವನ್ನು ಕಟ್ಟಬಹುದು. ಇದಕ್ಕೆ ಮುಂಚೆ ಕಟ್ಟಿದರೆ ಜೇನಿಗೆ ಅಡ್ಡಿಯಾಗುವುದು.

ಕೊಯ್ಲು ಮತ್ತು ಉಪಯೋಗ: ತೆನೆಯ ಹಿಂಭಾಗವು ನಿಂಬೆಯ ಹಳದಿಗೆ ತಿರುಗಿ ಕಂದಾಗತೊಡಗಿದಾಗ ಕೊಯ್ದು, ರಾಶಿಹಾಕದೆ ಹರಡಿ ಒಣಗಿಸಿ, ಕೋಲಿನಿಂದ ಮೆಲ್ಲಗೆ ಬಡಿದು ತೂರಬೇಕು. ಹಸಿಯಿರುವಾಗಲೇ ಗುಡ್ಡೆಹಾಕಿದರೆ ಬೂಷ್ಟು ಹಿಡಿಯುವುದು. ಅಂತಹ ಬೀಜವನ್ನು ತಿನ್ನತಕ್ಕದ್ದಲ್ಲ. ಹಲ್ಲಿನಿಂದ ಕಚ್ಚಿದರೆ ಸಿಪ್ಪೆಯು ಸಿಡಿದೊಡೆಯುವವರೆಗೆ ಒಣಗಿಸಿ ಮುಚ್ಚಳವುಳ್ಳ ಡಬ್ಬದಲ್ಲಿಡಬೇಕು. ಉಪ್ಪುನೀರಿನಲ್ಲಿ ಒಂದು ರಾತ್ರಿ ನೆನೆಯಿಸಿ, ಆರಿಸಿ, ಸಣ್ಣ ಉರಿಯಲ್ಲಿ ಹುರಿದರೆ ರುಚಿಯಾಗಿರುವುದು. ಒಳಗಿನ ತಿರುಳಿನಲ್ಲಿ ಸುಮಾರು ಅರ್ಧ ಭಾಗ ಎಣ್ಣೆಯೂ ಐದನೆಯ ಒಂದು ಭಾಗ ಸಸಾರಜನಕವೂ ಇರುವುದರಿಂದ, ಕಡಲೆಕಾಯಿಯಂತೆಯೇ ಚಟ್ನಿಪುಡಿಗೂ ಬೆಲ್ಲದ ಉಂಡೆಗೂ ಇದು ಒದಗುತ್ತದೆ.

ಆದುದರಿಂದ ರೈತರು ಮೊದಲ ವರ್ಷ ಅರ್ಧ ಗುಂಟೆಯಲ್ಲಿ ಮಾತ್ರ ಬೆಳೆದು, ತಮ್ಮ ಭೂಮಿಗೂ ಮನೆಯವರ ರುಚಿಗೂ ಒಪ್ಪಿದರೆ ಮುಂದೆ ವಿಸ್ತರಿಸುವುದು ಉತ್ತಮ.