ಮುಪ್ಪಿನಲ್ಲಿ ಮರುಕಳಿಸುವ ನ್ಯುಮೋನಿಯ

ನ್ಯುಮೋನಿಯ ವಾಸಿಯಾಗಿ ಆಸ್ಪತ್ರೆಯಿಂದ ಮನೆಗೆ ಬಂದ ವೃದ್ಧರು ಕೆಲವೇ ತಿಂಗಳಲ್ಲಿ ಅದೇ ಕಾಯಿಲೆಯಿಂದ ಮತ್ತೆ ಆಸ್ಪತ್ರೆ ಸೇರುವುದು ಅಪರೂಪವಲ್ಲ. ತಣ್ಣೀರು ಸ್ನಾನ ಮಾಡಿದ್ದಕ್ಕೆ, ಮೊಸರು ತಿಂದದ್ದಕ್ಕೆ ಹೀಗಾಯಿತೆಂದು ಮನೆಯವರು ಕಾರಣ ಹುಡುಕುತ್ತಾರೆ. ಆದರೆ ಮರುಕಳಿಕೆಯ ಮೂಲ ಅನೇಕ ವೇಳೆ ಇರುವುದು ಬಾಯಿ ಮತ್ತು ಗಂಟಲಿನಲ್ಲಿ.

ಶ್ವಾಸಕೋಶದಲ್ಲಿರುವ ಕೋಟ್ಯಂತರ ಗಾಳಿಗೂಡುಗಳ ತೆಳುಭಿತ್ತಿಯ ಮೂಲಕ ಆಕ್ಸಿಜನ್ ರಕ್ತಕ್ಕೆ ಸೇರುತ್ತದೆ. ಸೋಂಕಿನಿಂದಾಗಿ ಈ ಗೂಡುಗಳಲ್ಲಿ ದ್ರವ, ಕೀವು ತುಂಬಿಕೊಳ್ಳುವುದೇ ನ್ಯುಮೋನಿಯ. ಒಮ್ಮೆ ಬಂದದ್ದು ಪೂರ್ಣ ವಾಸಿಯಾಗಿ, ಎಕ್ಸ್-ರೇ ಚಿತ್ರವೂ ತಿಳಿಯಾದ ನಂತರ ಮತ್ತೆ ಬಂದರೆ ಮಾತ್ರ ಅದು ಮರುಕಳಿಕೆ. ಹಳೆಯದು ಅರೆಬರೆ ವಾಸಿಯಾಗಿ ಉಲ್ಬಣಿಸುವುದು ಬೇರೆ ಸಂಗತಿ.

ಊಟದ ನಡುವೆ ಕೆಮ್ಮು ಬಂದರೆ ನಾವು 'ನೆತ್ತಿಗೆ ಹತ್ತಿತು' ಎನ್ನುತ್ತೇವೆ, ಯಾರೋ ನೆನೆಸಿಕೊಂಡರೆಂದು ತಲೆ ತಟ್ಟುತ್ತೇವೆ. ವಾಸ್ತವದಲ್ಲಿ ಅನ್ನದ ಅಗುಳು ನೆತ್ತಿಗೆ ಹೋಗಿರುವುದಿಲ್ಲ; ಶ್ವಾಸನಾಳದ ಬಾಗಿಲಿಗೆ ಹೋಗಿರುತ್ತದೆ. ನುಂಗುವ ಕ್ಷಣದಲ್ಲಿ ಧ್ವನಿಪೆಟ್ಟಿಗೆ ಮೇಲೇರಿ, ಅದರ ಮೇಲಿನ ಮುಚ್ಚಳ ಬಾಗಿ ಶ್ವಾಸಮಾರ್ಗವನ್ನು ಮುಚ್ಚಬೇಕು. ಅದು ತಪ್ಪಿದಾಗ ಕೆಮ್ಮು ಕಾವಲು ಕಾಯುತ್ತದೆ. ಹಾಗಾಗಿ ಕೆಮ್ಮುವ ಅಜ್ಜನಿಗಿಂತ, ಆಹಾರ ದಾರಿ ತಪ್ಪಿದರೂ ಕೆಮ್ಮದ ಅಜ್ಜನ ಬಗ್ಗೆ ಹೆಚ್ಚು ಚಿಂತಿಸಬೇಕು.

ಪಾರ್ಶ್ವವಾಯು, ಪಾರ್ಕಿನ್ಸನ್ ಕಾಯಿಲೆ ಮತ್ತು ಮರೆಗುಳಿತನದಲ್ಲಿ ಈ ಎರಡೂ ರಕ್ಷಣೆಗಳು ಕುಂದುತ್ತವೆ. ಗಂಟಲಿನ ಸಂವೇದನಾ ನರಗಳಲ್ಲಿ 'ಸಬ್‌ಸ್ಟೆನ್ಸ್ ಪಿ' ಎಂಬ ಪೆಪ್ಟೈಡ್ ಕೆಮ್ಮು ಮತ್ತು ನುಂಗುವಿಕೆಯ ಪ್ರತಿವರ್ತನೆಗಳನ್ನು ಚುರುಕಾಗಿಡುತ್ತದೆ. ಮಿದುಳಿನಲ್ಲಿ ಡೋಪಮಿನ್ ಕಡಿಮೆಯಾದರೆ ಇದೂ ಕಡಿಮೆಯಾಗುತ್ತದೆಂದು ಜಪಾನಿನ ಸಂಶೋಧಕರು ತೋರಿಸಿದರು. ಎನಲಾಪ್ರಿಲ್‌ನಂತಹ ರಕ್ತದೊತ್ತಡದ ಮಾತ್ರೆ ಕೆಲವರಲ್ಲಿ ಒಣಕೆಮ್ಮು ತರುವುದುಂಟು. ಸಬ್‌ಸ್ಟೆನ್ಸ್ ಪಿ ಒಡೆಯುವುದನ್ನು ಅದು ತಡೆಯುವುದು ಇದಕ್ಕೊಂದು ಕಾರಣ. ಅಡ್ಡಪರಿಣಾಮವೇ ಇಲ್ಲಿ ರಕ್ಷಣೆಯಾಗಬಹುದೇ ಎಂದು ಪರೀಕ್ಷಿಸಿದವರಿದ್ದಾರೆ; ಕೆಲವು ಅಧ್ಯಯನಗಳಲ್ಲಿ ಈ ಮಾತ್ರೆ ಸೇವಿಸುವ ವೃದ್ಧರಲ್ಲಿ ನ್ಯುಮೋನಿಯ ಕಡಿಮೆ ಕಂಡಿದೆ. ಕೇವಲ ಇದಕ್ಕಾಗಿ ಯಾರೂ ಅದನ್ನು ನುಂಗಬೇಕಾಗಿಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ನಿದ್ದೆಯಲ್ಲಿ ಗಂಟಲಿನ ದ್ರವ ಶ್ವಾಸಕೋಶಕ್ಕೆ ಜಾರುವುದು ಆರೋಗ್ಯವಂತರಲ್ಲೂ ಉಂಟು. 1978ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಿಕಿರಣಶೀಲ ಇಂಡಿಯಮ್ ಬಳಸಿ ಪರೀಕ್ಷಿಸಿದಾಗ ಸ್ವಸ್ಥರಲ್ಲಿ ಶೇಕಡ 45 ಮಂದಿಗೆ, ಪ್ರಜ್ಞೆ ಮಂಕಾದವರಲ್ಲಿ ಶೇಕಡ 70 ಮಂದಿಗೆ ಹೀಗಾಗಿತ್ತು. ಹಾಗಾದರೆ ಎಲ್ಲರಿಗೂ ನ್ಯುಮೋನಿಯ ಏಕೆ ಬರುವುದಿಲ್ಲ? ಜಾರುವ ದ್ರವದಲ್ಲಿ ಏನಿದೆ, ಎಷ್ಟಿದೆ, ಅದನ್ನು ಹೊರಹಾಕುವ ಶಕ್ತಿ ದೇಹಕ್ಕಿದೆಯೇ ಎಂಬುದು ಮುಖ್ಯ. ಅಮೆರಿಕದಲ್ಲಿ 189 ವೃದ್ಧರನ್ನು ಗಮನಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನ ಈ ದೃಷ್ಟಿಯಿಂದ ಮಹತ್ವದ್ದು. ನುಂಗುವ ತೊಂದರೆಯೊಂದೇ ನ್ಯುಮೋನಿಯ ತರಲು ಸಾಲದು. ಉಣ್ಣಲು ಮತ್ತು ಬಾಯಿ ಸ್ವಚ್ಛಗೊಳಿಸಲು ಇನ್ನೊಬ್ಬರನ್ನು ಅವಲಂಬಿಸುವುದು, ಹುಳುಕು ಹಲ್ಲುಗಳ ಸಂಖ್ಯೆ, ಕೊಳವೆಯ ಮೂಲಕ ಆಹಾರ, ಹಲವು ಕಾಯಿಲೆ ಮತ್ತು ಔಷಧಿಗಳು, ಧೂಮಪಾನ ಇವೆಲ್ಲ ಅಲ್ಲಿ ಪ್ರಬಲ ಅಂಶಗಳಾಗಿ ಕಂಡವು.

ಜಪಾನಿನ 11 ವೃದ್ಧಾಶ್ರಮಗಳಲ್ಲಿ ನಡೆದ ಪ್ರಯೋಗ ಇನ್ನೂ ಸರಳ. ಒಂದು ಗುಂಪಿನ ವೃದ್ಧರ ಹಲ್ಲು, ಬಾಯಿಯನ್ನು ಪ್ರತಿ ಊಟದ ನಂತರ ಆರೈಕೆದಾರರು ಸ್ವಚ್ಛಗೊಳಿಸಿದರು. ಎರಡು ವರ್ಷಗಳಲ್ಲಿ ಈ ಗುಂಪಿನ ಶೇಕಡ 11 ಮಂದಿಗೆ, ಇನ್ನೊಂದು ಗುಂಪಿನ ಶೇಕಡ 19 ಮಂದಿಗೆ ನ್ಯುಮೋನಿಯ ಬಂದಿತು. ಬ್ರಷ್ಷಿನಂತಹ ಅಗ್ಗದ ಸಾಧನದಿಂದ ಇಷ್ಟು ಫಲ ದೊರೆಯುವುದು ವೈದ್ಯಕೀಯದಲ್ಲಿ ವಿರಳ. 85 ದಾಟಿದ 524 ಜಪಾನೀಯರ ಅಧ್ಯಯನದಲ್ಲಿ (2015) ರಾತ್ರಿ ಹಲ್ಲುಸೆಟ್ಟು ತೆಗೆಯದೆ ಮಲಗುವವರಿಗೆ ನ್ಯುಮೋನಿಯದ ಸಂಭವ ಎರಡು ಪಟ್ಟಿಗಿಂತ ಹೆಚ್ಚಿತ್ತು. ಇದು ಪ್ರಯೋಗವಲ್ಲ, ವೀಕ್ಷಣೆ. ಕಾರಣ-ಪರಿಣಾಮದ ಸಂಬಂಧ ಇದರಿಂದ ಸಿದ್ಧವಾಗುವುದಿಲ್ಲ. ಸೆಟ್ಟನ್ನು ನೀರಿನಲ್ಲಿಟ್ಟು ಮಲಗುವುದರಿಂದ ನಷ್ಟವಂತೂ ಇಲ್ಲ.

ಧೂಮಪಾನ ಶ್ವಾಸನಾಳದ ಲೋಮಾಂಗಗಳನ್ನು ಹಾಳುಮಾಡುತ್ತದೆ. ದೀರ್ಘಕಾಲೀನ ಶ್ವಾಸಕೋಶದ ಕಾಯಿಲೆ, ಸಕ್ಕರೆ ಕಾಯಿಲೆ, ಹೃದಯ ವೈಫಲ್ಯ, ಅಪೌಷ್ಟಿಕತೆ, ನಿದ್ದೆ ಮಾತ್ರೆ ಎಲ್ಲವೂ ಸೇರಿ ಅಪಾಯ ಹೆಚ್ಚಿಸುತ್ತವೆ. ಪ್ರತಿ ಬಾರಿಯೂ ಶ್ವಾಸಕೋಶದ ಒಂದೇ ಭಾಗದಲ್ಲಿ ನ್ಯುಮೋನಿಯ ಕಾಣಿಸಿಕೊಂಡರೆ ಮಾತ್ರ ಲೆಕ್ಕ ಬೇರೆ: ಅಲ್ಲಿನ ಶ್ವಾಸನಾಳವನ್ನು ಗೆಡ್ಡೆಯೋ ಹೊರವಸ್ತುವೋ ಅಡ್ಡಗಟ್ಟಿರಬಹುದು, ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ನಮ್ಮ ದೇಶದಲ್ಲಿ ಕ್ಷಯವನ್ನೂ ಮರೆಯುವಂತಿಲ್ಲ. ಲಿವೊಫ್ಲಾಕ್ಸಸಿನ್‌ನಂತಹ ಔಷಧಿಗಳು ಕ್ಷಯದ ಬ್ಯಾಕ್ಟೀರಿಯವನ್ನೂ ತಾತ್ಕಾಲಿಕವಾಗಿ ಅದುಮುವುದರಿಂದ, 'ನ್ಯುಮೋನಿಯ' ಗುಣವಾದಂತೆ ತೋರಿ ಮತ್ತೆ ಬರಬಹುದು. ಕಫ ಪರೀಕ್ಷೆಗೆ ಮೊದಲೇ ಇವನ್ನು ಕೊಡುವ ರೂಢಿ ಒಳ್ಳೆಯದಲ್ಲ.

ಇನ್‌ಫ್ಲುಯೆನ್ಜ ಲಸಿಕೆ ವರ್ಷಕ್ಕೊಮ್ಮೆ ಬೇಕು. ನ್ಯುಮೊಕಾಕಸ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಆದರೆ ಬಾಯಿಯ ನೂರಾರು ಬಗೆಯ ಬ್ಯಾಕ್ಟೀರಿಯಗಳಿಗೆ ಲಸಿಕೆ ಇಲ್ಲ. ಮಲಗಿದವರ ಬಾಯಿಗೆ ಗಂಜಿ ಹಾಕುವ ಬದಲು ನೇರವಾಗಿ ಕೂರಿಸಿ, ಗದ್ದವನ್ನು ಸ್ವಲ್ಪ ಕೆಳಗಿರಿಸಿ, ಒಂದು ತುತ್ತು ನುಂಗಿದ ಮೇಲೆಯೇ ಇನ್ನೊಂದನ್ನು ಕೊಡಬೇಕು. ಊಟದ ನಂತರ ಅರ್ಧ ಗಂಟೆ ಮಲಗಿಸಬಾರದು. ವೃದ್ಧರಲ್ಲಿ ನ್ಯುಮೋನಿಯ ಜ್ವರ, ಕೆಮ್ಮು ಇಲ್ಲದೆಯೂ ಬರುತ್ತದೆ. ಇದ್ದಕ್ಕಿದ್ದಂತೆ ಊಟ ಬಿಡುವುದು, ತಡಬಡಿಸಿ ಮಾತನಾಡುವುದು, ಬೀಳುವುದು ಇದರ ಮೊದಲ ಲಕ್ಷಣವಾಗಿರಬಹುದು. ಆಗ ಗಡಿಯಾರ ಹಿಡಿದು ಉಸಿರು ಎಣಿಸಿ. ವಿಶ್ರಾಂತಿಯಲ್ಲಿದ್ದಾಗಲೂ ನಿಮಿಷಕ್ಕೆ 25 ಅಥವಾ ಹೆಚ್ಚು ಇದ್ದರೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.