‘ಅಂತೆ’ಯಿಂದ ಊರಿಗೆ

ಕೋಲ್ಕತ್ತದ ಬೆಹಾಲಾದಲ್ಲಿ, ಸಖೇರ್ ಬಜಾರಿನ ಹತ್ತಿರದ ಬಡಿಶಾದಲ್ಲಿ, ಸಾಬರ್ಣ ರಾಯ್ ಚೌಧುರಿಗಳ ಹಳೆಯ ಆಟ್‌ಚಾಲಾ ಮಂಟಪ ಇದೆ. ಸುತಾನುಟಿ, ಕಲಿಕಾತಾ, ಗೋವಿಂದಪುರ ಎಂಬ ಮೂರು ಹಳ್ಳಿಗಳ ಹಕ್ಕನ್ನು 1698ರ ನವೆಂಬರ್ 10ರಂದು 1,300 ರೂಪಾಯಿಗೆ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮನೆತನ ಅದು. ತಮ್ಮ ವಂಶಾವಳಿಯನ್ನೂ ಕಾಗದಪತ್ರಗಳನ್ನೂ ಅವರು ಜತನದಿಂದ ಇಟ್ಟುಕೊಂಡಿದ್ದಾರೆ. ಮನೆತನದ್ದೇ ಸಂಗ್ರಹಾಲಯವೂ ಇದೆ. ಅಲ್ಲಿಂದ ಊರೊಳಕ್ಕೆ ಹೊರಟು ಕರಾಯಾ ರಸ್ತೆಗೆ ಹೋದರೆ 1820ರಲ್ಲಿ ಶುರುವಾದ ಸ್ಕಾಟಿಷ್ ಸ್ಮಶಾನ ಸಿಗುತ್ತದೆ. ಆ ಕಂಪನಿಯನ್ನು ನಂಬಿ, ಆಮೇಲೆ ಸೆಣಬಿನ ಗಿರಣಿಗಳನ್ನು ನಂಬಿ ಬಂದವರು ಅಲ್ಲಿ ಮಣ್ಣಾಗಿದ್ದಾರೆ. ಅಂಥವರ ಕುಡಿಗಳು ಕೋಲ್ಕತ್ತದಲ್ಲೂ ಇದ್ದಾರೆ, ನಮ್ಮ ಬೆಂಗಳೂರಿನಲ್ಲೂ ಇದ್ದಾರೆ. ಅವರಲ್ಲಿ ಹಲವರ ಕೈಯಲ್ಲಿ ವಂಶಾವಳಿ ಇಲ್ಲ, ಒಂದು ಮಾತು ಮಾತ್ರ ಇದೆ: “ನಮ್ಮ ಮುತ್ತಾತ ಸ್ಕಾಟ್ಲೆಂಡಿನವನಂತೆ.”

ಆ ‘ಅಂತೆ’ಯನ್ನು ‘ಹೌದು’ ಮಾಡಿಕೊಳ್ಳುವ ದಾರಿ ಇದೆ. ಆದರೆ ಹೆಸರನ್ನು ಹಿಡಿದು ಹೊರಟವರು ಬೇಗ ದಾರಿ ತಪ್ಪುತ್ತಾರೆ. ನಮ್ಮಲ್ಲಿ ಹೆಸರಿನ ಹಿಂದಿನ ಇನಿಷಿಯಲ್ಲೇ ಎಷ್ಟೋ ಸಲ ಊರನ್ನೂ ಅಪ್ಪನನ್ನೂ ಹೇಳಿಬಿಡುತ್ತದೆ. ಸ್ಕಾಟ್ಲೆಂಡಿನ ಹೆಸರಿಗೆ ಆ ಅನುಕೂಲ ಇಲ್ಲ. ಜಾನ್, ಜೇಮ್ಸ್, ವಿಲಿಯಂ, ಅಲೆಗ್ಸಾಂಡರ್ ಎಂಬ ನಾಲ್ಕಾರು ಹೆಸರುಗಳೇ ಮನೆಮನೆಯಲ್ಲೂ ತಿರುಗುತ್ತವೆ. ಮೊದಲು ಹಿಡಿಯಬೇಕಾದದ್ದು ಊರನ್ನು, ಅಂದರೆ ಪ್ಯಾರಿಷನ್ನು: ಒಂದು ಚರ್ಚಿನ ವ್ಯಾಪ್ತಿಗೆ ಬರುವ ಹಳ್ಳಿಗಳ ಗುಂಪನ್ನು. ಸ್ಕಾಟ್ಲೆಂಡಿನಲ್ಲಿ ಅಂಥವು ಸುಮಾರು 900 ಇದ್ದವು, ಒಂದೊಂದಕ್ಕೂ ಬೇರೆ ಪುಸ್ತಕ.

ಊರು ಸಿಗುವುದು ಬಹುಮಟ್ಟಿಗೆ ಇಲ್ಲೇ, ಸತ್ತ ಜಾಗದಲ್ಲಿ. ಕರಾಯಾದ ಎಷ್ಟೋ ಕಲ್ಲುಗಳ ಮೇಲೆ ಹೆಸರಿನ ಕೆಳಗೆ ಹುಟ್ಟೂರನ್ನೂ ಕೆತ್ತಿದ್ದಾರೆ. ಸೆಣಬಿನ ನಂಟಿನಿಂದಾಗಿ ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಸುತ್ತಲಿನ ಊರುಗಳ ಹೆಸರು ಮತ್ತೆ ಮತ್ತೆ ಕಾಣುತ್ತವೆ. ಕಾಡು ಬೆಳೆದು ಮುಚ್ಚಿಹೋಗಿದ್ದ ಆ ಜಾಗವನ್ನು 2008ರಲ್ಲಿ ಹುಟ್ಟಿದ ಕೋಲ್ಕತ್ತಾ ಸ್ಕಾಟಿಷ್ ಹೆರಿಟೇಜ್ ಟ್ರಸ್ಟ್ ಹಸನುಗೊಳಿಸುತ್ತ ಬಂದಿದೆ, ಪ್ರೆಸಿಡೆನ್ಸಿ ವಿಶ್ವವಿದ್ಯಾಲಯದವರು ಸಮಾಧಿಗಳ ಡಿಜಿಟಲ್ ಸಂಗ್ರಹ ಮಾಡಿದ್ದಾರೆ. ಕಲ್ಲು ಸವೆದಿದ್ದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಓದಿ. ನಡುಹಗಲಿನಲ್ಲಿ ಕಾಣದ ಅಕ್ಷರ ಆಗ ನೆರಳು ಹಿಡಿದು ಮೇಲೇಳುತ್ತದೆ. ಸೀಮೆಸುಣ್ಣ ತಿಕ್ಕಬೇಡಿ, ತಂತಿಬ್ರಷ್ ಅಂತೂ ಬೇಡವೇ ಬೇಡ.

ಕಲ್ಲು ಇಲ್ಲದಿದ್ದರೆ ಕಾಗದ. ಭಾರತದಲ್ಲಿದ್ದ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ದಾಖಲೆಗಳ ನಕಲುಗಳು ಲಂಡನ್ನಿಗೆ ಹೋಗುತ್ತಿದ್ದವು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿ ಮೂರು ಸರಣಿಗಳಾಗಿವೆ: ಮದ್ರಾಸಿನದು 1698ರಿಂದ, ಮುಂಬಯಿಯದು 1709ರಿಂದ, ಬಂಗಾಳದ್ದು 1713ರಿಂದ. ಕೋಲ್ಕತ್ತದವರು ಬಂಗಾಳದ ಸರಣಿ ನೋಡಬೇಕು. ಬೆಂಗಳೂರು ದಂಡಿನವರನ್ನು ಮದ್ರಾಸಿನಲ್ಲಿ, ಬೆಳಗಾವಿ–ಧಾರವಾಡದವರನ್ನು ಮುಂಬಯಿಯಲ್ಲಿ ಹುಡುಕಬೇಕು. ಕಾರವಾರದವರು ಎರಡೂ ಕಡೆ ನೋಡುವುದು ಒಳ್ಳೆಯದು. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಬಿಟ್ಟು ಮುಂಬಯಿಗೆ ಸೇರಿತು. ಈ ಪುಸ್ತಕಗಳ ಬಹುಭಾಗ ಫೈಂಡ್‌ಮೈಪಾಸ್ಟ್ ತಾಣದಲ್ಲಿ ಹಣಕ್ಕೆ ಸಿಗುತ್ತದೆ. ಫಿಬಿಸ್ ಎಂಬ ಸಂಘದ ಸೂಚಿಯನ್ನು ಪುಕ್ಕಟೆಯಾಗಿ ಹುಡುಕಬಹುದು. ಸ್ಕಾಟಿಷ್ ಪಾದ್ರಿಗಳು ಅಧಿಕೃತವಾಗಿ ಬಂದದ್ದು 1813ರ ಚಾರ್ಟರ್ ಕಾಯ್ದೆಯ ಮೇಲೆ. ಡಾಲ್‌ಹೌಸಿ ಚೌಕದ ಸೇಂಟ್ ಆಂಡ್ರೂಸ್ ಚರ್ಚ್ ತೆರೆದದ್ದು 1818ರಲ್ಲಿ. ಅದಕ್ಕೂ ಹಿಂದಿನ ಸ್ಕಾಟ್ ಮನುಷ್ಯನ ಹೆಸರು ಇಂಗ್ಲಿಷ್ ಚರ್ಚಿನ ಪುಸ್ತಕದಲ್ಲಿರುತ್ತದೆ. ಅಲ್ಲಿ ಕಂಡನೆಂದು ಅವನನ್ನು ಇಂಗ್ಲೆಂಡಿನವನೆಂದು ತಿಳಿಯಬಾರದು.

ಇನ್ನು ಕಡಲಾಚೆಗೆ. ಸ್ಕಾಟ್ಲೆಂಡಿನ ದಾಖಲೆಗಳಲ್ಲಿ 1855ರ ಜನವರಿ 1 ದೊಡ್ಡ ಹೊಸ್ತಿಲು. ಅಂದಿನಿಂದ ಸರ್ಕಾರವೇ ಜನನ, ಮದುವೆ, ಮರಣ ಬರೆಯತೊಡಗಿತು. ಅದಕ್ಕೆ ಹಿಂದಿನದೆಲ್ಲ ಚರ್ಚಿನ ಕೈಬರಹ. ಎರೋಲ್ ಎಂಬ ಊರಿನ ಪುಸ್ತಕ 1553ರಷ್ಟು ಹಿಂದಕ್ಕೆ ಹೋಗುತ್ತದೆ. ಸರ್ಕಾರದ ದಾಖಲೆ, ಚರ್ಚಿನ ಪುಸ್ತಕ ಎರಡೂ ‘ಸ್ಕಾಟ್‌ಲ್ಯಾಂಡ್ಸ್ ಪೀಪಲ್’ ಎಂಬ ಸರ್ಕಾರಿ ತಾಣದಲ್ಲಿವೆ. ಸೂಚಿ ನೋಡಲು ದುಡ್ಡಿಲ್ಲ, ಪುಟದ ಚಿತ್ರ ನೋಡಲು ಕೊಡಬೇಕು.

ಮುತ್ತಾತ 1840ರಲ್ಲಿ ಕೋಲ್ಕತ್ತದಲ್ಲೇ ಸತ್ತಿದ್ದರೆ ಈ ಹೊಸ್ತಿಲು ಅವನಿಗೆ ಉಪಯೋಗಕ್ಕೆ ಬರದು. ಆಗ ಊರಲ್ಲೇ ಉಳಿದ ಅವನ ಅಣ್ಣನನ್ನೋ ತಂಗಿಯನ್ನೋ ಹಿಡಿಯಿರಿ. 1855ರ ನಂತರ ಅವರು ತೀರಿಕೊಂಡಿದ್ದರೆ ಮರಣದ ದಾಖಲೆಯಲ್ಲಿ ಅಪ್ಪ, ಅಮ್ಮ ಇಬ್ಬರ ಹೆಸರೂ ಇರಬೇಕು, ಅಮ್ಮನ ತವರಿನ ಹೆಸರು ಸಮೇತ. ಎಪ್ಪತ್ತು ವರ್ಷದ ಮುದುಕಿಯೊಬ್ಬಳ ಸಾವು ಹೀಗೆ 1780ರ ದಶಕದ ಮನೆಯ ಬಾಗಿಲನ್ನು ತೆರೆದುಕೊಡುತ್ತದೆ. ಹೆಣ್ಣುಮಕ್ಕಳ ತವರಿನ ಹೆಸರನ್ನು ಸ್ಕಾಟಿಷ್ ದಾಖಲೆಗಳು ಮದುವೆಯ ನಂತರವೂ ಬಿಟ್ಟುಕೊಡುವುದಿಲ್ಲ. ಇದು ಈ ಹುಡುಕಾಟದ ದೊಡ್ಡ ಪುಣ್ಯ.

ಪ್ಯಾರಿಷ್ ಪುಸ್ತಕ ತೆರೆದಾಗ ಒಂದು ವಿಷಯ ಮನಸ್ಸಿನಲ್ಲಿರಲಿ. ನಮ್ಮ ಉತ್ತರ ಕರ್ನಾಟಕದಲ್ಲಿ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುವ ಹೆಳವರು ಮನೆತನದ ತಲೆಮಾರುಗಳನ್ನು ಸಾಲಾಗಿ ಓದಿ ಹೇಳುತ್ತಾರೆ. ಹೆಳವ ವಂಶ ಬರೆಯುತ್ತಾನೆ. ಪಾದ್ರಿ ಬರೆದದ್ದು ದಿನವನ್ನು. ಇಂಥ ಹೊಲಮನೆಯ ನೇಕಾರ ಜೇಮ್ಸ್, ಅವನ ಹೆಂಡತಿ ಮಾರ್ಗರೆಟ್, ಇಂಥ ದಿನ ಹುಟ್ಟಿದ ಮಗನಿಗೆ ಇಂಥ ದಿನ ದೀಕ್ಷಾಸ್ನಾನ, ಹೆಸರು ಡೇವಿಡ್, ಸಾಕ್ಷಿ ಇಬ್ಬರು. ಅಷ್ಟೇ. ಮೂರು ಸಾಲು. ಇವುಗಳನ್ನು ಹೊಲಿದು ಕುಟುಂಬ ಮಾಡುವವರು ನಾವು. ಹೊಲಿಯಲು ದಾರ ಹೊಲಮನೆಯ ಹೆಸರು ಮತ್ತು ಆ ಇಬ್ಬರು ಸಾಕ್ಷಿಗಳು. ಸಾಕ್ಷಿಗಳು ಎಷ್ಟೋ ಸಲ ಸೋದರಮಾವನೋ ಚಿಕ್ಕಪ್ಪನೋ ಆಗಿರುತ್ತಾರೆ. ಇನ್ನೊಂದು ಎಳೆ ನಮಗೆ ಚೆನ್ನಾಗಿ ಗೊತ್ತಿರುವುದೇ: ಹಿರಿಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡುವ ರೂಢಿ ಅಲ್ಲೂ ಇತ್ತು. ರೂಢಿಯೇ ಹೊರತು ಕಟ್ಟಳೆಯಲ್ಲ. ಸುಳಿವೆಂದು ತಗೊಳ್ಳಿ, ಪುರಾವೆ ಎಂದಲ್ಲ.

ಮದುವೆಯ ಪುಟದಲ್ಲಿರುವುದು ಹೆಚ್ಚಾಗಿ ಮದುವೆಗೆ ಮುಂಚಿನ ಪ್ರಕಟಣೆ. ಗಂಡಿನ ಪ್ಯಾರಿಷ್, ಹೆಣ್ಣಿನ ಪ್ಯಾರಿಷ್ ಎರಡರಲ್ಲೂ ಅದು ದಾಖಲಾಗಿರಬಹುದು, ಒಂದರಲ್ಲಿ ಬಿಟ್ಟ ವಿವರ ಇನ್ನೊಂದರಲ್ಲಿರಬಹುದು. ಸಾವಿನ ದಾಖಲೆ ಕಡಿಮೆ; ಇದ್ದಲ್ಲಿ, ಹೆಣದ ಮೇಲೆ ಹೊದಿಸುವ ಬಟ್ಟೆಯ ಬಾಡಿಗೆ ಲೆಕ್ಕದಲ್ಲೇ ಸತ್ತವರ ಹೆಸರು ಸಿಗುವುದುಂಟು.

ಏನೂ ಸಿಗದಿದ್ದರೆ ಕಾರಣ ಹುಡುಕಿ. 1783ರಿಂದ 1794ರವರೆಗೆ ಒಂದೊಂದು ದಾಖಲೆಗೂ ಮೂರು ಪೆನ್ಸ್ ತೆರಿಗೆ ಇತ್ತು. ಬಡವರು ಬರೆಸದೆ ಬಿಟ್ಟರು. ಮೂಲ ಚರ್ಚಿನಿಂದ ಒಡೆದು ಹೋದವರು, ಅದರಲ್ಲೂ 1843ರ ದೊಡ್ಡ ಒಡಕಿನಲ್ಲಿ ಹೊರನಡೆದವರು, ಬೇರೆ ಪುಸ್ತಕ ಇಟ್ಟುಕೊಂಡರು. ಉತ್ತರದ ಗುಡ್ಡಗಾಡು, ದ್ವೀಪಗಳಲ್ಲಿ ಪುಸ್ತಕಗಳೇ ತಡವಾಗಿ ಶುರುವಾದವು.

ಕರ್ನಲ್ ಕಾಲಿನ್ ಮೆಕೆಂಜಿಯ ಊರು ಅಂಥ ದ್ವೀಪವೊಂದರ ಸ್ಟಾರ್ನೊವೇ. ಟಿಪ್ಪು ಬಿದ್ದ ಮೇಲೆ ಮೈಸೂರನ್ನು ಅಳೆದವನು, ನಮ್ಮ ಊರೂರಿನ ಕೈಫಿಯತ್ತು, ಶಾಸನಗಳನ್ನು ಕಾವಲಿ ಸೋದರರಂಥ ಸಹಾಯಕರಿಂದ ಕಲೆಹಾಕಿಸಿದವನು. 1821ರಲ್ಲಿ ತೀರಿಕೊಂಡು ಕೋಲ್ಕತ್ತದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ ಮಣ್ಣಾದ. ನಮ್ಮ ಹಳ್ಳಿಗಳ ಹಳೆಯ ಲೆಕ್ಕವನ್ನು ಅಷ್ಟು ಆಸ್ಥೆಯಿಂದ ಕೂಡಿಟ್ಟವನ ಹುಟ್ಟುವರ್ಷವನ್ನೇ ಕೆಲವರು 1753 ಎನ್ನುತ್ತಾರೆ, ಕೆಲವರು 1754. ಇಷ್ಟು ಹೆಸರಾದವನ ಪಾಡೇ ಹೀಗಿರುವಾಗ ಗಿರಣಿಯ ಮೇಸ್ತ್ರಿಯೊಬ್ಬನ ಗುರುತು ಸಿಗಲು ತಡವಾದರೆ ಎದೆಗುಂದಬೇಕಿಲ್ಲ.

ನನ್ನನ್ನು ಕಲಕುವುದು ಬೇರೆಯದೇ ಖಾಲಿ. ಬಂಗಾಳದ ದೀಕ್ಷಾಸ್ನಾನದ ಪುಟಗಳಲ್ಲಿ ಅಪ್ಪನ ಹೆಸರು, ಹುದ್ದೆ ಇದ್ದು, ತಾಯಿ ಇಲ್ಲಿಯ ಹೆಣ್ಣಾಗಿದ್ದಲ್ಲಿ ಹೆಸರೇ ಇಲ್ಲದೆ ಹೋದದ್ದು ಎಷ್ಟೋ. ಮಗು ಅವಳದೇ, ಪುಟ ಅವಳದಲ್ಲ. ಆ ಹೆಸರು ಬೇಕಿದ್ದರೆ ಅಪ್ಪನ ವಿಲ್ ಹುಡುಕಿ. ಬಂಗಾಳದ ಹಳೆಯ ವಿಲ್‌ಗಳ ಸಂಪುಟಗಳೂ ಬ್ರಿಟಿಷ್ ಲೈಬ್ರರಿಯಲ್ಲೇ ಇವೆ. ಪಾದ್ರಿಯ ಮುಂದೆ ಹೇಳದ ಹೆಸರನ್ನು ಸಾಯುವ ಮುಂಚೆ ಆಸ್ತಿ ಹಂಚುವಾಗ ಕೆಲವರು ಬರೆದಿದ್ದಾರೆ: ಇಂಥವಳಿಗೆ ತಿಂಗಳಿಗೆ ಇಷ್ಟು ರೂಪಾಯಿ, ಅವಳ ಮಕ್ಕಳಿಗೆ ಇಷ್ಟು. ಇಂಗ್ಲಿಷ್ ಕಿವಿಗೆ ಬಿದ್ದಂತೆ ಬರೆದ ಹೆಸರು ಅದು, ಅಕ್ಷರ ವಕ್ರವಾಗಿರುತ್ತದೆ. ಬಾಯಿಬಿಟ್ಟು ಎರಡು ಮೂರು ಸಲ ಓದಿ. ಬಂಗಾಳಿ ಬಲ್ಲ ನೆರೆಯವರಿಗೂ ಓದಿ ಕೇಳಿಸಿ.