ರಾಮ್ಸೆ ಸೋದರರ ಕೈ ಹಿಡಿದ ದೆವ್ವ

1970ರಲ್ಲಿ ಎಫ್.ಯು. ರಾಮ್ಸೆ ನಿರ್ಮಿಸಿದ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ ನೆಲಕಚ್ಚಿತು. ಪೃಥ್ವಿರಾಜ್ ಕಪೂರ್, ಮುಮ್ತಾಜ್ ಇದ್ದೂ ಪ್ರಯೋಜನವಾಗಲಿಲ್ಲ. ಆದರೆ ರಾಮ್ಸೆಯ ಮಕ್ಕಳಾದ ತುಳಸಿ ಮತ್ತು ಶ್ಯಾಮ್ ಚಿತ್ರಮಂದಿರದಲ್ಲಿ ಗಮನಿಸಿದ್ದು ಪ್ರೇಕ್ಷಕರನ್ನು. ಭಯಂಕರ ಮುಖವಾಡ ತೊಟ್ಟ ಪೃಥ್ವಿರಾಜ್ ಕಳವಿಗೆಂದು ಮ್ಯೂಸಿಯಂ ಹೊಕ್ಕಾಗ ಜನ ಬೆಚ್ಚಿಬೀಳುತ್ತಿದ್ದರು, ಚೀರುತ್ತಿದ್ದರು. ಆ ದೃಶ್ಯ ಮುಗಿಯಿತೋ, ಎದ್ದು ಹೊರಟೇಬಿಡುತ್ತಿದ್ದರು! ಇಡೀ ಚಿತ್ರವೇ ಹೀಗಿದ್ದರೆ ಹೇಗೆ ಎಂದು ಮಕ್ಕಳು ತಂದೆಯನ್ನು ಕೇಳಿದರು.

ಕರಾಚಿಯಲ್ಲಿ ರೇಡಿಯೊ ಅಂಗಡಿ ಇಟ್ಟಿದ್ದು, ದೇಶ ವಿಭಜನೆಯ ನಂತರ ಮುಂಬೈ ಸೇರಿದ ಕುಟುಂಬ ಅದು. ರಾಮ್‌ಸಿಂಘಾನಿ ಎಂಬ ಹೆಸರು ಬ್ರಿಟಿಷ್ ಗಿರಾಕಿಗಳ ನಾಲಿಗೆಗೆ ಹೊರಳದೆ ರಾಮ್ಸೆ ಆಗಿತ್ತು. ದೊಡ್ಡ ತಾರೆಯರನ್ನು ಕರೆಸುವ ಶಕ್ತಿ ಉಳಿದಿರಲಿಲ್ಲ. ಸರಿ, ಏಳು ಮಂದಿ ಸೋದರರು ಕೆಲಸ ಹಂಚಿಕೊಂಡರು. ಒಬ್ಬರು ಕ್ಯಾಮೆರಾ, ಇನ್ನೊಬ್ಬರು ಧ್ವನಿ, ಮತ್ತೊಬ್ಬರು ಚಿತ್ರಕಥೆ. ತುಳಸಿ, ಶ್ಯಾಮ್ ನಿರ್ದೇಶನ. ಮಹಾಬಲೇಶ್ವರದ ಅತಿಥಿಗೃಹವೊಂದರಲ್ಲಿ ಬಿಡಾರ. ಅಡುಗೆ ಮನೆಯ ಹೆಂಗಸರದೇ. ಹೀಗೆ ಕೆಲವೇ ಲಕ್ಷದಲ್ಲಿ ತಯಾರಾಗಿ 1972ರಲ್ಲಿ ತೆರೆಕಂಡ ‘ದೋ ಗಜ್ ಜಮೀನ್ ಕೇ ನೀಚೇ’ ದುಡ್ಡು ತಂದಿತು.

ನಿಜವಾದ ಸುಗ್ಗಿ 1984ರ ‘ಪುರಾನಾ ಮಂದಿರ್’. ಸೈತಾನನನ್ನು ಪೂಜಿಸುವ ಸಾಮ್ರಿಯ ತಲೆ ಕಡಿಸುತ್ತಾನೆ ರಾಜ. ತಲೆ ಪೆಟ್ಟಿಗೆಯಲ್ಲಿ, ಮುಂಡ ಬೇರೆಡೆ ಹಾಳು ಗುಡಿಯ ಬಳಿ. ಸಾಯುವ ಮುನ್ನ ಸಾಮ್ರಿ ಶಾಪವಿಡುತ್ತಾನೆ: ರಾಜವಂಶದ ಹೆಣ್ಣುಗಳು ಹೆರಿಗೆಯಲ್ಲೇ ಸಾಯಲಿ! ಇನ್ನೂರು ವರ್ಷದ ಮೇಲೆ ಪೆಟ್ಟಿಗೆ ತೆರೆಯುತ್ತದೆ. ಸಾಮ್ರಿಯಾದದ್ದು ಎಂಜಿನಿಯರಿಂಗ್ ಓದಿದ್ದ ನೀಳಕಾಯದ ಅಜಯ್ ಅಗರ್ವಾಲ್. ದೊಡ್ಡ ಯಂತ್ರತಂತ್ರ ಕೊಳ್ಳಲಾಗದವರಿಗೆ ಆ ಮುಖ, ಆ ಎತ್ತರವೇ ಬಂಡವಾಳ. ನಡುವೆ ‘ಶೋಲೆ’ಯ ಗಬ್ಬರ್‌ನನ್ನು ಅಣಕಿಸುವ ಜಗದೀಪ್‌ರ ಮಚ್ಛರ್ ಸಿಂಗ್ ಬೇರೆ. ಕಥೆಗೂ ಅವನಿಗೂ ಅಷ್ಟೇನೂ ಸಂಬಂಧವಿಲ್ಲ, ನಿಜ. ಆದರೆ ಹೆದರಿದ ಜನಕ್ಕೆ ಉಸಿರಾಡಲು ಬಿಡುವು ಬೇಡವೇ?

ವಿಮರ್ಶಕರು ಮೂಗು ಮುರಿದರು. ಕಥೆ ಸವಕಲು, ದೆವ್ವ ರಬ್ಬರಿನದು ಎಂಬ ಆಕ್ಷೇಪಗಳಲ್ಲಿ ಹುರುಳಿಲ್ಲದಿಲ್ಲ. ಹೆಣ್ಣನ್ನು ತೋರಿಸಿದ ರೀತಿಯಂತೂ ಸಮರ್ಥನೀಯವಲ್ಲ. ಆದರೂ ಗಲ್ಲಾಪೆಟ್ಟಿಗೆ ತುಂಬಿತು. ಬಣ್ಣದ ಟಿ.ವಿ., ವಿಡಿಯೊ ಕ್ಯಾಸೆಟ್ಟು ಮಧ್ಯಮವರ್ಗವನ್ನು ಮನೆಯಲ್ಲೇ ಕೂರಿಸಿದ್ದ ಕಾಲ ಅದು. ಸಣ್ಣ ಊರುಗಳ ಟಾಕೀಸಿನ ಮುಂದಿನ ಬೆಂಚಿನವರು ಮಾತ್ರ ಕೈಬಿಡಲಿಲ್ಲ. ರೈಲು ಕೂಡ ನಿಲ್ಲದ ಊರುಗಳಲ್ಲೇ ತಮ್ಮ ವ್ಯಾಪಾರ ಎನ್ನುತ್ತಿದ್ದರು ತುಳಸಿ.

ಆ ವ್ಯಾಪಾರ ಕಂಡು ಉಳಿದವರೂ ದೆವ್ವಗಳ ಹಿಂದೆ ಬಿದ್ದರು. ಅಗ್ಗದ ಭೂತಗಳು ಹೆಚ್ಚಿದಂತೆ ಹೆದರುವವರು ಕಡಿಮೆಯಾದರು. 1990ರ ‘ಬಂದ್ ದರ್ವಾಜಾ’ದ ವೇಳೆಗೆ ರಾಮ್ಸೆಗಳ ಸುಗ್ಗಿಯೂ ಮುಗಿಯುತ್ತ ಬಂದಿತ್ತು.

ಆಗ ತೆರೆದದ್ದು ಇನ್ನೊಂದು ಬಾಗಿಲು. 1993ರಲ್ಲಿ ‘ಜೀ ಹಾರರ್ ಶೋ’ ಶುರುವಾಯಿತು. ‘ಪುರಾನಾ ಮಂದಿರ್’ಗೆ ಟಿಕೆಟ್ ಕೊಳ್ಳಲು ನಾಚುತ್ತಿದ್ದ ಮನೆಗಳಲ್ಲೂ ಮಕ್ಕಳು ಹೊದಿಕೆಯ ಸಂದಿಯಿಂದ ರಾಮ್ಸೆಗಳ ದೆವ್ವವನ್ನು ನೋಡತೊಡಗಿದರು.